ಸೊಂಟದ ಮೂಳೆ ಮುರಿದ ಹಿರಿಯರ ಶಸ್ತ್ರಚಿಕಿತ್ಸೆ ಏಕೆ ತಡವಾಗುತ್ತದೆ: ಒಬ್ಬ ಅರಿವಳಿಕೆ ತಜ್ಞನ ಅನುಭವ

ಸೊಂಟದ ಭಾಗದ ಮೂಳೆ ಮುರಿದ ಹಿರಿಯರಿಗೆ ದಾಖಲಾದ ದಿನ ಅಥವಾ ಮರುದಿನವೇ ಶಸ್ತ್ರಚಿಕಿತ್ಸೆಯಾಗಬೇಕೆಂದು ಬ್ರಿಟನ್ನಿನ 2011ರ ಮಾರ್ಗಸೂಚಿ ಹೇಳುತ್ತದೆ. ಶಿವಮೊಗ್ಗದಲ್ಲಿ ಅರಿವಳಿಕೆ ತಜ್ಞನಾಗಿರುವ ನನ್ನ ಬಳಿಗೆ ಬರುವ ಅನೇಕರು ಆಸ್ಪತ್ರೆ ತಲುಪುವ ಹೊತ್ತಿಗೇ ಬಿದ್ದು ಹಲವು ದಿನಗಳಾಗಿರುತ್ತವೆ. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದವರಿಗೆ ಮೊದಲು ಎಣ್ಣೆ ತಿಕ್ಕಿ, ನಾಟಿ ವೈದ್ಯರಿಂದ ಪಟ್ಟು ಕಟ್ಟಿಸಿರುತ್ತಾರೆ. ಮುರಿದ ತುದಿಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದರೆ ರೋಗಿ ಕುಂಟುತ್ತಲಾದರೂ ನಡೆಯುವುದರಿಂದ, ಮನೆಯವರು ಉಳುಕೆಂದು ಭಾವಿಸುವುದು ಸಹಜ.

ಆದರೆ ಆಸ್ಪತ್ರೆಯೊಳಗೆ ಆಗುವ ವಿಳಂಬಕ್ಕೆ ನಾವು ವೈದ್ಯರೇ ಹೊಣೆ. ಹೃದಯದಲ್ಲಿ ಮರ್ಮರ (ಬಡಿತದ ನಡುವೆ ಅಸಹಜ ಸದ್ದು) ಕೇಳಿಸಿದೊಡನೆ ಎಕೋ (ಹೃದಯದ ಸ್ಕ್ಯಾನ್) ಬರೆದು ಹೃದ್ರೋಗ ತಜ್ಞರಿಗಾಗಿ ಕಾಯುವುದು ರೂಢಿಯಾಗಿದೆ. ಮಹಾಪಧಮನಿಯ ಕವಾಟ ಕಿರಿದಾಗಿದೆಯೆಂದು ತಿಳಿದರೆ ನಾನು ಅರಿವಳಿಕೆಯ ವಿಧಾನ ಮತ್ತು ರಕ್ತದೊತ್ತಡದ ನಿಗಾವನ್ನು ಬದಲಿಸಬೇಕಾಗುತ್ತದೆಯೇ ಹೊರತು, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಕೈಬಿಡಬೇಕಾಗುವುದಿಲ್ಲ. ಆದ್ದರಿಂದ ಎಕೋವನ್ನು ಹಾಸಿಗೆಯ ಬಳಿಯೇ ಮಾಡಿಸುತ್ತೇನೆ. ಅದು ತಡವಾಗುವುದಾದರೆ ಕವಾಟದ ತೊಂದರೆ ಇದೆಯೆಂದೇ ಭಾವಿಸಿ ಮುಂದುವರಿಯುತ್ತೇನೆ.

ರಕ್ತ ತೆಳುವಾಗಿಸುವ ಮಾತ್ರೆಗಳದ್ದು ಇನ್ನೂ ದೊಡ್ಡ ಗೊಂದಲ. ವಾರ್ಫರಿನ್ ಬಗೆಯ ಮಾತ್ರೆಯಾದರೆ ದಾಖಲಾದ ಕೂಡಲೇ ಅದರ ಪರಿಣಾಮ ಇಳಿಸಲು ರಕ್ತನಾಳಕ್ಕೆ ವಿಟಮಿನ್ ಕೆ ಕೊಡಿಸಿ, ಮರುದಿನ ಬೆಳಿಗ್ಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಪರೀಕ್ಷೆ) ನೋಡುತ್ತೇನೆ. ಕ್ಲೋಪಿಡೊಗ್ರೆಲ್‌ನ ಪರಿಣಾಮ ಇಳಿಯಲು 5ರಿಂದ 7 ದಿನ ಬೇಕು. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮಾತ್ರ ಅರಿವಳಿಕೆ ಕೊಡುವುದಕ್ಕೋಸ್ಕರ ಅಷ್ಟು ದಿನ ಮಲಗಿಸಿದರೆ ನ್ಯುಮೋನಿಯಾ, ಹಾಸಿಗೆ ಹುಣ್ಣುಗಳನ್ನು ಕರೆದಂತೆ. ಅಂಥವರಿಗೆ ಪೂರ್ಣ ಅರಿವಳಿಕೆಯನ್ನೇ ಆರಿಸಿಕೊಳ್ಳುತ್ತೇನೆ. ಆಸ್ಪಿರಿನ್‌ಗಾಗಿ ಕಾಯುವುದೇ ಇಲ್ಲ.

ರಕ್ತದಲ್ಲಿ ಸೋಡಿಯಂ 120ಕ್ಕಿಂತ ಕಡಿಮೆ, ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ, ಹತೋಟಿಗೆ ಬಾರದ ಹೃದಯ ವೈಫಲ್ಯ ಇಂಥವಿದ್ದರೆ ಮಾತ್ರ ಮುಂದೂಡುತ್ತೇನೆ. ಆಗಲೂ ಸರಿಪಡಿಸುವ ಕೆಲಸ ಅದೇ ರಾತ್ರಿ ಶುರುವಾಗಬೇಕು. ಬರೀ ‘ಫಿಟ್ ಇಲ್ಲ’ ಎಂದು ಕೇಸ್ ಶೀಟಿನಲ್ಲಿ ಬರೆದು ಹೋಗುವುದನ್ನು ನಾನು ಒಪ್ಪುವುದಿಲ್ಲ.

ಮಗ ಬೆಂಗಳೂರಿನಿಂದ ಬಂದ ಮೇಲೆ ಸಹಿ ಎನ್ನುವ ಕುಟುಂಬಗಳಿಗೆ, ರೋಗಿಗೆ ಪ್ರಜ್ಞೆ, ತಿಳಿವಳಿಕೆ ಸರಿಯಿದ್ದರೆ ಒಪ್ಪಿಗೆ ಕೊಡಬೇಕಾದವರು ಆ ರೋಗಿಯೇ ಎಂದು ವಿವರಿಸಿ, ಮಗನೊಡನೆ ಆಗಲೇ ಫೋನಿನಲ್ಲಿ ಮಾತನಾಡುತ್ತೇನೆ. ಥಿಯೇಟರಿನ ಪಟ್ಟಿಯಲ್ಲಿ ಇಂಥ ರೋಗಿಗಳ ಹೆಸರು ಬೆಳಗಿನ ಮೊದಲನೆಯದಾಗಿರಬೇಕೆಂದು ಮೂಳೆ ತಜ್ಞರಲ್ಲಿ ಹಟ ಹಿಡಿಯುತ್ತೇನೆ, ಏಕೆಂದರೆ ಕೊನೆಗೆ ಹಾಕಿದವರು ದಿನವಿಡೀ ಉಪವಾಸವಿದ್ದು ಸಂಜೆ ವಾರ್ಡಿಗೆ ಮರಳುವುದೇ ಹೆಚ್ಚು.