ಸ್ಪರ್ಧೆಗೆ ಮುಂಚೆ ಎಎಂವಿ ಹೊರಬಿಡಬೇಕೇ? ನಾನು ಪಾಲಿಸುವ ಕ್ರಮ

ಅನಿಮೆ, ಅಂದರೆ ಜಪಾನಿನ ಅನಿಮೇಷನ್, ದೃಶ್ಯಗಳನ್ನು ಹಾಡಿಗೆ ಕೂಡಿಸಿ ಮಾಡುವ ಎಎಂವಿಗಳಿಗೆ (ಅನಿಮೆ ಮ್ಯೂಸಿಕ್ ವಿಡಿಯೊ) ಅಮೆರಿಕದ ಕನ್ವೆನ್ಷನ್‌ಗಳಲ್ಲಿ, ಅಂದರೆ ಅಭಿಮಾನಿಗಳ ಸಮಾವೇಶಗಳಲ್ಲಿ, ಈಗಲೂ ಸ್ಪರ್ಧೆ ನಡೆಯುತ್ತದೆ. ವಸಂತದಲ್ಲಿ ಅನಿಮೆ ಬಾಸ್ಟನ್, ಜುಲೈ ಆರಂಭದ ಸುಮಾರಿಗೆ ಲಾಸ್ ಏಂಜಲೀಸ್‌ನ ಅನಿಮೆ ಎಕ್ಸ್‌ಪೋ, ಅದಾದ ಸುಮಾರು ಒಂದು ತಿಂಗಳಿಗೆ ವಾಷಿಂಗ್ಟನ್‌ನ ಒಟಾಕಾನ್. ಎರಡು ವಿಸಿಆರ್ ಜೋಡಿಸಿ ಎಡಿಟ್ ಮಾಡುತ್ತಿದ್ದ ಕಾಲದಲ್ಲಿ ಕನ್ವೆನ್ಷನ್‌ನ ಪರದೆಯೇ ಬಿಡುಗಡೆಯಾಗಿತ್ತು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಮಾಡಿದ್ದನ್ನು ಅಂದೇ ಹಾಕುವುದೋ, ಸ್ಪರ್ಧೆ ಮುಗಿಯುವವರೆಗೆ ಕಾಯುವುದೋ ಎಂಬುದನ್ನು ಎಡಿಟರ್ ತಾನೇ ತೀರ್ಮಾನಿಸಬೇಕಾಗಿದೆ.

ನಾನು ಕಾಯುತ್ತೇನೆ. ಪ್ರೇಕ್ಷಕರಿಗೆ ಹೊಸದಾಗಿ ಕಾಣಲಿ ಎಂಬುದು ಎಲ್ಲರೂ ಹೇಳುವ ಕಾರಣ. ನನಗೆ ಅದಕ್ಕಿಂತ ಮುಖ್ಯವಾದದ್ದು ತಿದ್ದುವ ಅವಕಾಶ. ಯೂಟ್ಯೂಬ್‌ಗೆ ಹಾಕಿದ ವಿಡಿಯೊದ ಫೈಲನ್ನು ಅದೇ ಲಿಂಕ್‌ನಲ್ಲಿ ಬದಲಿಸಲು ಬರುವುದಿಲ್ಲ. ಒಮ್ಮೆ ಹೊರಬಿದ್ದದ್ದು ತಪ್ಪಿನ ಸಮೇತ ಹಾಗೇ ಉಳಿಯುತ್ತದೆ. ಕೈಯಲ್ಲೇ ಇದ್ದರೆ ಒಂದು ಸ್ಪರ್ಧೆಯ ಹಾಲ್‌ನಲ್ಲಿ ಕಂಡ ದೋಷವನ್ನು ಮುಂದಿನದಕ್ಕೆ ಸರಿಪಡಿಸಬಹುದು.

ಹಾಲ್‌ನಲ್ಲಿ ಕಾಣುವ ದೋಷಗಳು ಮನೆಯ ಮಾನಿಟರ್‌ನಲ್ಲಿ ಕಾಣುವುದೇ ಇಲ್ಲ. ಹಾಸ್ಯದ ವಿಡಿಯೊಗಳಲ್ಲಂತೂ ಇದು ಬಹಳ. ಮೊದಲ ನಗು ಏಳುತ್ತಿದ್ದಂತೆ ಅದರ ಸದ್ದಿನಲ್ಲಿ ಎರಡನೇ ಜೋಕ್ ಮುಚ್ಚಿಹೋಗುತ್ತದೆ. ಹಾಗಾಗಿ ಗಟ್ಟಿಯಾಗಿ ನಗು ಬರುವ ಕಟ್‌ನ ನಂತರ 24ರಿಂದ 36 ಫ್ರೇಮ್, ಅಂದರೆ ಒಂದು ಒಂದೂವರೆ ಸೆಕೆಂಡ್, ಮಾತಿಲ್ಲದ ಶಾಟ್ ಇಡುತ್ತೇನೆ. ಹಾಡಿನ ಲಯ ಬಿಡದಿದ್ದರೆ ಎರಡನೇ ಜೋಕನ್ನೇ ಮುಂದಿನ ಸಾಲಿಗೆ ತಳ್ಳುತ್ತೇನೆ. ಸಮತಟ್ಟು ನೆಲದ ಹಾಲ್‌ನಲ್ಲಿ ಮುಂದೆ ಕೂತವರ ತಲೆಗಳು ಪರದೆಯ ತಳಭಾಗವನ್ನು ಮರೆಮಾಡುತ್ತವೆ. ಅಲ್ಲಿ ಬರಹ ಇಟ್ಟರೆ ಹಿಂದಿನ ಸಾಲುಗಳಿಗೆ ಅದು ಇಲ್ಲದಂತೆಯೇ. ಕಪ್ಪು ಆಕಾಶ, ಮಬ್ಬು ಬೆಳಕಿನ ದೃಶ್ಯಗಳಲ್ಲಿ ಬಣ್ಣ ಪಟ್ಟೆ ಪಟ್ಟೆಯಾಗಿ ಒಡೆಯುವುದು ದೊಡ್ಡ ಪರದೆಯಲ್ಲಿ ಎದ್ದು ಕಾಣುತ್ತದೆ. ಎನ್‌ಕೋಡ್‌ಗೆ ಮುನ್ನ ಅಂಥ ಶಾಟ್‌ಗಳಿಗಷ್ಟೇ ತೆಳುವಾಗಿ ಗ್ರೇನ್ (ಸಣ್ಣ ಕಣಕಣದ ನಯ) ಸೇರಿಸಿದರೆ ಸಾಕು.

ಆದರೂ ಎಲ್ಲ ವಿಡಿಯೊಗಳನ್ನೂ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಸ್ಯ, ಟ್ರೇಲರ್ ಅಣಕ, ಕೊನೆಯಲ್ಲಿ ತಿರುವಿರುವ ಕಥೆ ಇವನ್ನು ಖಂಡಿತ ಕಾಯಿಸಬೇಕು, ಮೊದಲ ನೋಟದಲ್ಲೇ ಇವುಗಳ ಬಲವಿದೆ. ಆ್ಯಕ್ಷನ್, ಡಾನ್ಸ್ ವಿಡಿಯೊಗಳನ್ನು ಜನ ಮೊದಲೇ ನೋಡಿದ್ದರೂ ನಷ್ಟ ಕಡಿಮೆ, ಗೊತ್ತಿರುವ ಬೀಟ್‌ಗೆ ಹಾಲ್ ಚಪ್ಪಾಳೆ ತಟ್ಟುತ್ತದೆ. ಇನ್ನು ಆ ಸೀಸನ್‌ನ ಜನಪ್ರಿಯ ಅನಿಮೆಯಿಂದ ಮಾಡಿದ್ದಾದರೆ ಕಾಯುವುದೇ ಅಪಾಯ. ಅದೇ ದೃಶ್ಯ, ಅದೇ ಹಾಡು ಹಿಡಿದು ಇನ್ನೊಬ್ಬರು ಮೊದಲು ಹಾಕಿಬಿಡುತ್ತಾರೆ, ನಿಮ್ಮದು ನಕಲಿನಂತೆ ಕಾಣುತ್ತದೆ. ನಾನಿಟ್ಟುಕೊಂಡ ಗರಿಷ್ಠ ಮಿತಿ ಆರು ತಿಂಗಳು, ಹೆಚ್ಚೆಂದರೆ ಎರಡು ಸ್ಪರ್ಧೆ.

ಕಾಯುವ ಮುನ್ನ ಪ್ರತಿ ಸ್ಪರ್ಧೆಯ ಆ ವರ್ಷದ ನಿಯಮವನ್ನೇ ಓದಬೇಕು, ಹಿಂದಿನ ವರ್ಷದ್ದನ್ನು ನಂಬಬಾರದು. ಕೆಲವರಿಗೆ ಮೊದಲೇ ಬಿಡುಗಡೆಯಾಗಿದ್ದರೂ ತಕರಾರಿಲ್ಲ. ಕೆಲವರು ಇಂತಿಷ್ಟು ಕಾಲಕ್ಕಿಂತ ಹಳೆಯದನ್ನು ಒಪ್ಪುವುದಿಲ್ಲ. ಎಡಿಟರ್‌ನ ಹೆಸರು ತೀರ್ಪುಗಾರರಿಗೆ ತಿಳಿಯಬಾರದೆಂಬ ನಿಯಮವಿದ್ದರೆ ಚಾನೆಲ್‌ನಲ್ಲಿ ಹಾಕಿದ ವಿಡಿಯೊ ಹೊರಗಾಗಬಹುದು. ಬೇರೆ ಸ್ಪರ್ಧೆಯಲ್ಲಿ ಪ್ರದರ್ಶಿಸಿದ್ದು ಬಿಡುಗಡೆ ಎಂದಾಗುತ್ತದೆಯೇ ಎಂಬುದನ್ನು ಸಂಘಟಕರಿಗೆ ಇಮೇಲ್ ಬರೆದು ಕೇಳಿ, ಉತ್ತರ ಜೋಪಾನವಾಗಿಡಿ.

ಸೋರಿಕೆ ಹೆಚ್ಚಾಗಿ ಆಗುವುದು ಬೀಟಾ, ಅಂದರೆ ಮುಗಿಸುವ ಮುನ್ನ ಅಭಿಪ್ರಾಯಕ್ಕೆ, ನೋಡಲು ಕೊಟ್ಟ ಕಾಪಿಯಿಂದ. ಯೂಟ್ಯೂಬ್‌ನ ಅನ್‌ಲಿಸ್ಟೆಡ್ ಲಿಂಕ್ ಗುಟ್ಟಲ್ಲ. ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು, ಯಾರದೋ ಪ್ಲೇಲಿಸ್ಟ್‌ಗೂ ಅದು ಸೇರಬಹುದು. ಪ್ರೈವೇಟ್ ಇಟ್ಟು ಇಮೇಲ್ ವಿಳಾಸ ಕೊಟ್ಟವರಿಗಷ್ಟೇ ತೆರೆಯುವುದು ಸರಿ. ನಾನು ಮೂರ್ನಾಲ್ಕು ಜನಕ್ಕಿಂತ ಹೆಚ್ಚು ಕೊಡುವುದಿಲ್ಲ. ಕೊಡುವುದು ಕಡಿಮೆ ಸ್ಪಷ್ಟತೆಯ 540ಪಿ ಕಾಪಿ, ಒಂದು ಮೂಲೆಯಲ್ಲಿ ಅವರವರ ಹೆಸರಿನ ಮೊದಲಕ್ಷರ. ಸ್ಪರ್ಧೆಯ ಫೈಲ್ ಬೇರೆ ಫೋಲ್ಡರ್‌ನಲ್ಲಿರಲಿ, ಅವಸರದಲ್ಲಿ ಆ ಗುರುತಿರುವ ಕಾಪಿಯೇ ಹೋಗಿಬಿಡಬಹುದು.

ಪ್ರೈವೇಟ್ ಅಪ್‌ಲೋಡ್‌ನಿಂದ ಇನ್ನೊಂದು ಲಾಭವಿದೆ. ಯೂಟ್ಯೂಬ್‌ನ ಹಕ್ಕುಸ್ವಾಮ್ಯ ಪತ್ತೆ ವ್ಯವಸ್ಥೆಯಾದ ಕಂಟೆಂಟ್ ಐಡಿ ಪ್ರೈವೇಟ್ ವಿಡಿಯೊವನ್ನೂ ಪರಿಶೀಲಿಸುತ್ತದೆ. ಹಾಡಿನ ಮಾಲೀಕರು ಜಾಹೀರಾತಿನ ಹಣವನ್ನಷ್ಟೇ ಪಡೆಯುತ್ತಾರೋ, ಎಲ್ಲ ದೇಶಗಳಲ್ಲೂ ತಡೆಯುತ್ತಾರೋ ಎಂಬುದು ತಿಂಗಳುಗಟ್ಟಲೆ ಮುಂಚೆಯೇ ತಿಳಿಯುತ್ತದೆ. ತಡೆಯಾಗುವಂತಿದ್ದರೆ ಆ ಹಾಡಿನ ವಿಡಿಯೊಗೆ ಕನ್ವೆನ್ಷನ್ ಪರದೆಯೇ ದೊಡ್ಡ ವೇದಿಕೆ, ಕಾಯುವುದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಫೈಲ್ ಬಗ್ಗೆ ಬೇರೆ ಸೂಚನೆ ಇಲ್ಲದಿದ್ದರೆ ನಾನು ಕಳಿಸುವುದು ಇಷ್ಟು: 1080ಪಿ, ಮೂಲದ 23.976 ಫ್ರೇಮ್ ದರ, ಎಚ್.264 ಎಂಪಿ4, 8 ಬಿಟ್, ಸಿಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆಯಾದಷ್ಟೂ ಉತ್ತಮ) 16, ಆಡಿಯೊ ಎಎಸಿ 320 ಕೆಬಿಪಿಎಸ್, ಪೀಕ್ ಮೈನಸ್ 1 ಡೆಸಿಬಲ್ ಮೀರದಂತೆ. ಫ್ಯಾನ್‌ಸಬ್‌ನ (ಅಭಿಮಾನಿಗಳು ಹಾಕಿದ ಸಬ್‌ಟೈಟಲ್) ಅಕ್ಷರ, ಟಿವಿ ಲೋಗೊ, ನನ್ನ ಹೆಸರಿನ ಟೈಟಲ್ ಒಂದೂ ಇರಬಾರದು. ಟೈಟಲ್ ಕಾರ್ಡ್ ಸಾಮಾನ್ಯವಾಗಿ ಸಂಘಟಕರೇ ಹಾಕುತ್ತಾರೆ.

ಭಾರತದಿಂದ ಕಳಿಸುವವರು ಗಡಿಯಾರ ನೋಡಬೇಕು. ಬೇಸಿಗೆಯಲ್ಲಿ ಪೂರ್ವ ಅಮೆರಿಕದ ರಾತ್ರಿ 11:59 ನಮಗೆ ಮರುದಿನ ಬೆಳಿಗ್ಗೆ 9:29, ಪಶ್ಚಿಮ ಕರಾವಳಿಯದಾದರೆ ಮಧ್ಯಾಹ್ನ 12:29. ಚಳಿಗಾಲದಲ್ಲಿ ಇನ್ನೊಂದು ಗಂಟೆ ಸೇರಿಸಿ. ಬಹುಮಾನಕ್ಕೆ ಸ್ವತಃ ಹಾಜರಿರಬೇಕೆಂಬ ಷರತ್ತಿದೆಯೇ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಕೊನೆಯ ಸ್ಪರ್ಧೆಯ ಫಲಿತಾಂಶ ಬಂದ ದಿನವೇ ಬಿಡುಗಡೆ ಮಾಡುತ್ತೇನೆ, ಹಾಲ್‌ನಲ್ಲಿ ನೋಡಿದವರು ಹೆಸರು ಹುಡುಕುವುದು ಆ ಒಂದೆರಡು ದಿನಗಳಲ್ಲೇ. ಶೆಡ್ಯೂಲ್ ಬಟನ್ ಬಳಸುವುದಿಲ್ಲ, ಬಹುಮಾನದ ಕಾರ್ಯಕ್ರಮ ತಡವಾದರೆ ಫಲಿತಾಂಶಕ್ಕೆ ಮುಂಚೆಯೇ ವಿಡಿಯೊ ಹೊರಬಿದ್ದಿರುತ್ತದೆ. ಶೀರ್ಷಿಕೆ ಸ್ಪರ್ಧೆಗೆ ಕೊಟ್ಟದ್ದೇ ಇರಲಿ, ವಿವರಣೆಯಲ್ಲಿ ಅನಿಮೆ, ಹಾಡು, ಗಾಯಕರ ಹೆಸರು ಪೂರ್ತಿಯಾಗಿ ಬರೆಯಿರಿ.