ಮ್ಯಾಶ್ ಮಾಡಿದ್ರೂ ಗ್ರಾವಿಟಿ ಬರ್ತಿಲ್ವಾ? ಸಕ್ಕರೆ ಎಲ್ಲಿ ಕಳ್ದೋಗ್ತಿದೆ ನೋಡಿ

ಮನೇಲಿ ಬಿಯರ್ ಮಾಡೋಕೆ 5 ಕೆಜಿ ಮಾಲ್ಟ್ (ಮೊಳಕೆ ಬರ್ಸಿ ಒಣಗ್ಸಿದ ಕಾಳು, ಸಾಮಾನ್ಯವಾಗಿ ಬಾರ್ಲಿ) ಒಡೆದು ಬಿಸಿನೀರಿಗೆ ಹಾಕಿ ಪಿಷ್ಟ ಸಕ್ಕರೆ ಆಗೋಕ್ ಬಿಡ್ತೀವಿ, ಅದೇ ಮ್ಯಾಶ್. 25 ಲೀಟರ್ ವರ್ಟ್ (ಸಿಹಿ ರಸ) ತೆಗ್ದು, ಗ್ರಾವಿಟಿ, ಅಂದ್ರೆ ನೀರಿಗೆ ಹೋಲಿಸಿದ್ರೆ ರಸದ ಸಾಂದ್ರತೆ, 1.045 ಬರುತ್ತೆ ಅಂತ ಕೂತಿರ್ತೀವಿ, ಅದನ್ನ ಅಳೆಯೋ ಹೈಡ್ರೋಮೀಟರ್ 1.036 ತೋರ್ಸುತ್ತೆ. ಎಲ್ರೂ ಮೊದ್ಲು ಬೈಯೋದು ಮಾಲ್ಟ್ ಮಾರಿದವನ್ನ, ಆದ್ರೆ ಮಾಲ್ಟ್‌ದೇ ತಪ್ಪು ಇರೋದು ತುಂಬಾ ಕಮ್ಮಿ. (ಅಂದಹಾಗೆ ಮನೇಲಿ ಬಿಯರ್ ಮಾಡೋದೂ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕಾಗೋ ಕೆಲ್ಸ, ಅದನ್ನ ನೋಡ್ಕೊಂಡು ಒಲೆ ಹಚ್ಚಿ.)

ಲೆಕ್ಕ ಸಿಂಪಲ್. 1.045 ಅಂದ್ರೆ ಲೀಟರ್‌ಗೆ 45 ಪಾಯಿಂಟ್. ಒಂದು ಕೆಜಿ ಪೇಲ್ ಮಾಲ್ಟಿಂದ ಹೆಚ್ಚು ಕಮ್ಮಿ 300 ಪಾಯಿಂಟ್ ಸಿಗ್ಬೋದು, 5 ಕೆಜಿಗೆ 1500. 25 ಲೀಟರ್ ಇಂಟು 45 ಅಂದ್ರೆ 1125, ಅದು ಸಿಗ್ಬೋದಾದ 1500ರಲ್ಲಿ 75 ಪರ್ಸೆಂಟ್. 36 ಬಂದ್ರೆ 60 ಪರ್ಸೆಂಟ್. ಆದ್ರೆ ಈ ಲೆಕ್ಕ ನಂಬೋಕ್ ಮುಂಚೆ ಸ್ಯಾಂಪಲ್ ತಣ್ಣಗಾಗಿತ್ತಾ ನೋಡಿ. ಹೈಡ್ರೋಮೀಟರ್ ಸಾಮಾನ್ಯವಾಗಿ 20 ಡಿಗ್ರಿಗೆ ಮಾಡಿರ್ತಾರೆ, 60 ಡಿಗ್ರಿ ಬಿಸಿ ವರ್ಟಲ್ಲಿ ಮುಳುಗ್ಸಿದ್ರೆ ಸುಮಾರು 15 ಪಾಯಿಂಟ್ ಕಮ್ಮಿ ತೋರ್ಸುತ್ತೆ, ಅರ್ಧ ಜನರ ಪ್ರಾಬ್ಲಮ್ ಇಲ್ಲೇ ಮುಗ್ದೋಗುತ್ತೆ.

ಇನ್ನೂ ಕಮ್ಮಿ ಇದ್ರೆ ಒಂದೇಸಲ ನಾಲ್ಕು ಬದಲಾವಣೆ ಮಾಡೋಕ್ ಹೋಗ್ಬೇಡಿ. ಸ್ಪಾರ್ಜ್‌ಗೆ (ಕಾಳಿಗೆ ಮತ್ತೆ ಬಿಸಿನೀರು ಹಾಕಿ ಉಳಿದ ಸಕ್ಕರೆ ತೊಳ್ಕೊಳ್ಳೋದಕ್ಕೆ) ಮುಂಚೆ, ಚೆನ್ನಾಗಿ ಕಲಸಿ, ಮೊದಲ ರಸದ ಗ್ರಾವಿಟಿ ತಗೊಳ್ಳಿ. ಕೆಜಿಗೆ 3 ಲೀಟರ್ ನೀರು ಹಾಕಿದ್ರೆ ಪಿಷ್ಟ ಪೂರ್ತಿ ಸಕ್ಕರೆ ಆದಾಗ ಅದು 1.084 ಹತ್ರ ಇರ್ಬೇಕು. 1.080 ದಾಟಿದ್ರೆ ಮ್ಯಾಶ್ ಸರಿ ಇದೆ, ಸಕ್ಕರೆ ಕಾಳಲ್ಲೇ ಉಳ್ಕೊಳ್ತಿದೆ ಅಂತ, ಸ್ಪಾರ್ಜ್ ನೋಡಿ. 1.070 ಬಂದ್ರೆ ಸಕ್ಕರೆನೇ ಆಗಿಲ್ಲ, ಸ್ಪಾರ್ಜ್ ಎಷ್ಟು ನೀಟಾಗಿ ಮಾಡಿದ್ರೂ ಪ್ರಯೋಜನ ಇಲ್ಲ.

ಸಕ್ಕರೆ ಆಗಿಲ್ಲ ಅಂದ್ರೆ ಮೊದಲ ಅನುಮಾನ ಕ್ರಶ್ (ಮಾಲ್ಟ್ ಒಡೆದಿರೋ ರೀತಿ) ಮೇಲೆ. ರೋಲರ್ ಮಿಲ್ ಇದ್ರೆ ಗ್ಯಾಪ್ 0.9ರಿಂದ 1 ಮಿಲಿಮೀಟರ್, ಬಟ್ಟೆ ಚೀಲದಲ್ಲಿ ಮ್ಯಾಶ್ ಮಾಡೋರು 0.7ಕ್ಕೂ ಇಳಿಸ್ಬೋದು. ಒಂದು ಹಿಡಿ ತಗೊಂಡು ಬಿಳಿ ಪೇಪರ್ ಮೇಲೆ ಹರಡಿ, ಇಡೀ ಕಾಳು ಕಾಣಿಸ್ತಿದ್ರೆ ಅಷ್ಟೂ ವೇಸ್ಟು. ಹಿಟ್ಟಿನ ಗಿರಣಿಗೆ ಕೊಡ್ಬೇಡಿ, ಸಿಪ್ಪೆ ಪುಡಿಯಾಗಿ ಆಮೇಲೆ ರಸ ಇಳಿಯೋದೇ ಇಲ್ಲ. ಮಲೆನಾಡಲ್ಲಿ ಇನ್ನೊಂದಿದೆ, ಜುಲೈ ಮಳೇಲಿ ಬಾಯಿ ಬಿಚ್ಚಿಟ್ಟ ಮಾಲ್ಟ್ ಥಂಡಿ ಹಿಡ್ದು ಮೆತ್ತಗಾಗುತ್ತೆ, ಹಲ್ಲಲ್ಲಿ ಕಡಿದ್ರೆ ಕಟ್ ಅನ್ಬೇಕು, ಅನ್ಲಿಲ್ಲ ಅಂದ್ರೆ ರೋಲರ್ ಅದನ್ನ ಚಪ್ಪಟೆ ಮಾಡುತ್ತೆ ಅಷ್ಟೇ, ಒಡೆಯಲ್ಲ.

ಆಮೇಲೆ ಥರ್ಮಾಮೀಟರ್, ಇದು ನಮ್ಮ ಕಡೆಯವ್ರಿಗೆ ಸ್ಪೆಷಲ್. ಚಿಕ್ಕಮಗಳೂರು ಸಮುದ್ರ ಮಟ್ಟಕ್ಕಿಂತ ಸಾವಿರ ಮೀಟರ್ ಮೇಲಿದೆ, ಹಾಸನ ಸ್ವಲ್ಪ ಕೆಳಗೆ, ಎರಡೂ ಕಡೆ ನೀರು 100ಕ್ಕೆ ಕುದಿಯಲ್ಲ, 96-97ಕ್ಕೇ ಕುದಿಯುತ್ತೆ. ಕುದಿಯೋ ನೀರಲ್ಲಿಟ್ಟು ಮುಳ್ಳನ್ನ 100ಕ್ಕೆ ತಿರುಗ್ಸಿಟ್ರೆ ಮುಂದೆ ಮ್ಯಾಶಲ್ಲಿ 66 ತೋರ್ಸುವಾಗ ನಿಜವಾಗ್ಲೂ 62-63 ಇರುತ್ತೆ, ಅಲ್ಲಿ ಪಿಷ್ಟ ನಿಧಾನಕ್ಕೆ ಬೇಯುತ್ತೆ, ಒಂದು ಗಂಟೆ ಸಾಲ್ದೇ ಇರ್ಬೋದು. ಐಸ್ ಮತ್ತೆ ನೀರು ಕಲಸಿ ಅದ್ರಲ್ಲಿ ಸೊನ್ನೆ ನೋಡ್ಕೊಳ್ಳಿ, ಅದು ಎಲ್ಲಾ ಊರಲ್ಲೂ ಸೊನ್ನೆನೇ. ಡಿಸೆಂಬರ್ ಬೆಳಗ್ಗೆ ಆದ್ರೆ ಮ್ಯಾಶ್ ಇಡೋ ಐಸ್‌ಬಾಕ್ಸ್‌ನ ಮೊದ್ಲು ಬಿಸಿನೀರಲ್ಲಿ ಕಾಯಿಸಿ, ಮೇಲೆ ಕಂಬಳಿ ಹೊದಿಸಿ.

ಮಾಲ್ಟ್ ಸುರಿಯುವಾಗ ಮುದ್ದೆ ಕೋಲೇ ತಗೊಳ್ಳಿ, ತಳದಿಂದ ತಿರುಗಿಸಿ ಗಂಟು ಒಡೀರಿ, ಗಂಟಿನೊಳಗಿನ ಹಿಟ್ಟಿಗೆ ನೀರೇ ಮುಟ್ಟಿರಲ್ಲ. ಅಕ್ಕಿ ಸೇರಿಸೋದಾದ್ರೆ ಹಸಿ ಅಕ್ಕಿ ಬೇಡ, ಅನ್ನ ಮಾಡಿ ಮೆತ್ತಗೆ ಬೇಯಿಸಿ ಹಾಕಿ.

ನೀರು ಬಯಲುಸೀಮೆ, ಮಲೆನಾಡು ಎರಡೂ ಕಡೆ ಬೇರೆ ಬೇರೆ ಥರ ಕೈ ಕೊಡುತ್ತೆ. ತಣ್ಣಗಾದ ಸ್ಯಾಂಪಲಲ್ಲಿ ಮ್ಯಾಶ್ ಪಿಎಚ್ (ಹುಳಿಯ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 5.2ರಿಂದ 5.6 ಇರ್ಬೇಕು. ಅರಸೀಕೆರೆ ಕಡೆ ಬೋರ್ ನೀರು ಗಡಸು, ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ ಅದೇ ಪಿಎಚ್ ಮೇಲಕ್ಕೆ ಎಳೆಯೋದು, ಕುದಿಸಿ ತಣ್ಣಗೆ ಬಿಟ್ಟು ತೇಟೆ ನೀರು ಬಸ್ಕೊಳ್ಳಿ, ಸಾಲ್ದೇ ಇದ್ರೆ ಲ್ಯಾಕ್ಟಿಕ್ ಆಸಿಡ್ ಹನಿ ಹನಿಯಾಗಿ. ಮಲೆನಾಡಿನ ಮಳೆ ನೀರು ಇದಕ್ಕೆ ಉಲ್ಟಾ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, 15 ಲೀಟರ್‌ಗೆ 4 ಗ್ರಾಂ ಫುಡ್ ಗ್ರೇಡ್ ಜಿಪ್ಸಮ್ ಸಾಕು. ಅನುಮಾನ ಇದ್ರೆ ತಿಳಿ ರಸದ ಒಂದು ಹನಿಗೆ ಟಿಂಕ್ಚರ್ ಅಯೋಡಿನ್ ಹಾಕಿ, ಕಪ್ಪಾದ್ರೆ ಪಿಷ್ಟ ಇನ್ನೂ ಇದೆ, ಅರ್ಧ ಗಂಟೆ ಜಾಸ್ತಿ ಬಿಡಿ. ಆ ಹನಿ ವಾಪಸ್ ಮ್ಯಾಶ್‌ಗೆ ಬೀಳ್ಬಾರ್ದು.

ಇನ್ನು ಸ್ಪಾರ್ಜ್. ಅವಸರದಲ್ಲಿ ನಲ್ಲಿ ಪೂರ್ತಿ ತಿರುಗ್ಸಿದ್ರೆ ನೀರು ಒಂದೇ ದಾರಿ ಮಾಡ್ಕೊಂಡು ಇಳ್ದೋಗುತ್ತೆ, ಅಕ್ಕಪಕ್ಕದ ಕಾಳು ಸಿಹಿಯಾಗೇ ಉಳಿಯುತ್ತೆ, ಬಾಯಿಗೆ ಹಾಕ್ಕೊಂಡ್ರೇ ಗೊತ್ತಾಗುತ್ತೆ. ಬ್ಯಾಚ್ ಸ್ಪಾರ್ಜ್ (ಮೊದಲ ರಸ ಇಳಿಸಿ, ನೀರೆಲ್ಲ ಒಂದೇಸಲ ಸುರಿಯೋದು) ಆದ್ರೆ ನೀರು ಹಾಕಿದ್ಮೇಲೆ ಮತ್ತೆ ಕಲಸ್ಲೇಬೇಕು, ಎರಡು ಸಲದ ರಸ ಹೆಚ್ಚುಕಮ್ಮಿ ಒಂದೇ ಅಳತೆ ಬರೋ ಹಾಗೆ ನೀರು ಹಂಚಿ, ಕೆಜಿ ಮಾಲ್ಟ್ ಸುಮಾರು ಒಂದು ಲೀಟರ್ ಕುಡಿದುಬಿಡುತ್ತೆ ಅನ್ನೋದೂ ಲೆಕ್ಕಕ್ಕೆ ಇರ್ಲಿ. ಕಾಳಿನ ಬಿಸಿ 76 ದಾಟ್ಸಬೇಡಿ, ಒಗರು ಬರುತ್ತೆ. ಗೋಧಿ ಮಾಲ್ಟ್ ಜಾಸ್ತಿ ಇದ್ದು ಕಟ್ಕೊಂಡ್ರೆ ರೈಸ್ ಮಿಲ್ಲಿಂದ ಭತ್ತದ ಹೊಟ್ಟು ತಂದು, ತೊಳ್ದು ಒಂದೆರಡು ಹಿಡಿ ಸೇರ್ಸಿ.

ಇಷ್ಟೆಲ್ಲ ಆಗಿ ಪ್ರತಿ ಸಲ 68-70 ಪರ್ಸೆಂಟಲ್ಲೇ ನಿಂತ್ರೆ ನನ್ ಪ್ರಕಾರ ಅಲ್ಲಿಗೇ ಬಿಟ್ಬಿಡಿ, ಮುಂದಿನ ಸಲ ಮುನ್ನೂರು ಗ್ರಾಂ ಮಾಲ್ಟ್ ಜಾಸ್ತಿ ಹಾಕಿದ್ರಾಯ್ತು.