ಗಪ್ಪತಿ ಭಾವನ ಜಾಗಕ್ಕೆ ಯಾರನ್ನ ಕೂರ್ಸೋದು?

ಶಿರಸಿಲಿ ಲೋಕಲ್ ಕೇಬಲ್ ಚಾನೆಲ್ ಒಂದಕ್ಕೆ ವಾರಕ್ಕೊಂದು ಅರ್ಧ ಗಂಟೆ ಕಾಮಿಡಿ ಧಾರಾವಾಹಿ ಬರೀತಿದ್ದೆ. ದೊಡ್ಡದೇನಲ್ಲ, ಎರಡು ಕ್ಯಾಮೆರಾ, ಒಂದು ಹಳೇ ಮನೆ ಜಗಲಿ, ಕರೆಂಟ್ ಹೋದ್ರೆ ಶೂಟಿಂಗೂ ಬಂದ್. ಅದ್ರಲ್ಲಿ ಪಕ್ಕದ್ಮನೆ ಗಪ್ಪತಿ ಭಾವ ಅಂತ ಒಂದು ಪಾತ್ರ. ದಿನಾ ಕವಳ (ಎಲೆ ಅಡಿಕೆ) ಹಾಕೋ ನೆಪದಲ್ಲಿ ಬಂದು ಜಗಲಿ ಕಂಬಕ್ಕೆ ಒರಗಿ ಕೂತು "ನಾಳೆ ಚಾಲಿ ಅಡಿಕೆ ರೇಟು ಬೀಳ್ತು ನೋಡು" ಅಂತ ಏನಾದ್ರೂ ಸುಳ್ಳು ಸುದ್ದಿ ಬಿಟ್ಟು ಹೋಗೋದು, ಅಷ್ಟೇ ಅವನ ಕೆಲ್ಸ. ಆದ್ರೆ ಪೇಟೆಲಿ ನನ್ನ ಕಂಡವರೆಲ್ಲ ಕೇಳ್ತಿದ್ದಿದ್ದು ಅವನನ್ನೇ.

ಆ ಪಾತ್ರ ಮಾಡ್ತಿದ್ದೋರು ಮಗಳ ಮನೆಗೆ ಅಂತ ಮೈಸೂರಿಗೆ ಹೋದ್ರು, ಅಲ್ಲೇ ಉಳಿದ್ರು. ನಾನು ಸೀದಾ ಬೇರೆಯವ್ರನ್ನ ತಂದು ಅದೇ ಶಾಲು ಹೊದೆಸಿ ಅದೇ ಕಂಬಕ್ಕೆ ಕೂರಿಸ್ದೆ, ಅವ್ರೂ ಒಳ್ಳೇ ಕಲಾವಿದ್ರೇ, ಯಕ್ಷಗಾನ ಮೇಳದಲ್ಲಿ ಹಾಸ್ಯ ಮಾಡಿದವ್ರು, ಟೈಮಿಂಗ್ ಹಳಬರಿಗಿಂತ ಒಂದು ಕೈ ಮೇಲೇ ಇತ್ತು, ಆದ್ರೂ ಎರಡೇ ಎಪಿಸೋಡಿಗೆ ಮಗುಚಿ ಬಿತ್ತು. ನನ್ನ ಲೆಕ್ಕ ತಪ್ಪಿದ್ದೇ ಅಲ್ಲಿ. ಯಕ್ಷಗಾನದ ಆಟದಲ್ಲಿ ಕಲಾವಿದ ಬದಲಾದ್ರೆ ಜನ ನಿನ್ನೆಯ ಕೌರವನಿಗೂ ಇವತ್ತಿನ ಕೌರವನಿಗೂ ಹೋಲಿಸ್ತಾರೆ, ಬೆಳಿಗ್ಗೆ ತನಕ ವಾದ ಮಾಡ್ತಾರೆ, ಇವ ಕೌರವನೇ ಅಲ್ಲ ಅಂತ ಮಾತ್ರ ಅನ್ನಲ್ಲ. ಕೌರವ ಆ ಕಲಾವಿದನಿಗಿಂತ ಮೊದ್ಲೇ ಇದ್ದ. ನಮ್ಮ ಗಪ್ಪತಿ ಭಾವ ಇದ್ದಿದ್ದು ಆ ಒಂದು ಮುಖದಲ್ಲಿ ಮಾತ್ರ.

ಆಮೇಲೆ ಹಳೇ ಸ್ಕ್ರಿಪ್ಟ್ ಎಲ್ಲ ತೆಗೆದು ಅವ ಬರೋ ಸೀನು ಮಾತ್ರ ಓದಿದೆ. ಆಶ್ಚರ್ಯ ಅಂದ್ರೆ ನಗು ಬರೋ ಮಾತು ಜಾಸ್ತಿ ಅವನದ್ದಲ್ಲ, ಮನೆ ಯಜಮಾನ ಅಪ್ಪಯ್ಯನದ್ದು! ಉಳಿದ ಹೊತ್ತು ಬಾಯೇ ಬಿಡದ ಅಪ್ಪಯ್ಯ ಗಪ್ಪತಿಯ ಸುಳ್ಳು ಕೇಳಿ ತಡೆಯೋಕಾಗದೆ ಶುರು ಮಾಡ್ತಿದ್ರು. ಅಂದ್ರೆ ನಂಗೆ ಬೇಕಿದ್ದಿದ್ದು ಇನ್ನೊಬ್ಬ ಗಪ್ಪತಿ ಅಲ್ಲ, ಅಪ್ಪಯ್ಯನ ಬಾಯಿ ಬಿಡಿಸೋ ಒಂದು ಜನ.

ಅಮೆರಿಕದ ಕಾಮಿಡಿ ಧಾರಾವಾಹಿ 'ಚಿಯರ್ಸ್' ನೋಡಿದವ್ರಿಗೆ ಗೊತ್ತಿರತ್ತೆ, ಕೋಚ್ ಪಾತ್ರ ಮಾಡ್ತಿದ್ದ ನಿಕೋಲಸ್ ಕೊಲಸಾಂಟೊ 1985ರಲ್ಲಿ ತೀರಿಕೊಂಡ್ರು, ಆ ಜಾಗಕ್ಕೆ ವುಡಿ ಹ್ಯಾರೆಲ್ಸನ್ ಬಂದ. ಮುದುಕನ ಬದಲು ಹಳ್ಳಿ ಹುಡುಗ. ಕೋಚ್‌ಗೂ ನಂಗೂ ಪೆನ್ ಫ್ರೆಂಡ್‌ಶಿಪ್ ಇತ್ತು ಅಂತಾನೆ, ಪತ್ರ ಅಲ್ಲ, ಒಬ್ರಿಗೊಬ್ರು ಪೆನ್ನೇ ಕಳಿಸ್ತಿದ್ರಂತೆ. ಒಂದೇ ಜೋಕಲ್ಲಿ ಅದೇ ಮುಗ್ಧತೆ ಮುಂದುವರೀತು, ಮುಖ ಬೇರೆ. ಅಲ್ಲಿನದೇ ಇನ್ನೊಂದು ಧಾರಾವಾಹಿ, ಮಿಲಿಟರಿ ಆಸ್ಪತ್ರೆ ಕಥೆಯ 'ಮ್ಯಾಶ್'ನಲ್ಲಿ 1977ರಲ್ಲಿ ಇದಕ್ಕೆ ಉಲ್ಟಾ ಮಾಡಿದ್ರು, ಎಲ್ರೂ ಗೋಳು ಹೊಯ್ಕೊಳ್ತಿದ್ದ ದಡ್ಡ ಫ್ರಾಂಕ್ ಬರ್ನ್ಸ್ ಹೋದ್ಮೇಲೆ ಬಂದ ವಿಂಚೆಸ್ಟರ್ ಭಾರೀ ಜಂಬದವ, ಆದ್ರೆ ಕೈಚಳಕ ಇರೋ ಸರ್ಜನ್. ತಮಾಷೆ ಮಾಡೋರೇ ದಾರಿ ಬದಲಿಸಬೇಕಾಯ್ತು.

ನಾನು ಉಲ್ಟಾ ದಾರಿ ಹಿಡಿದೆ. ಗಪ್ಪತಿಗೆ ಎಲ್ಲಾ ಗೊತ್ತು, ಎಲ್ಲಾ ತಪ್ಪು. ಹೊಸಬಳಿಗೆ ಏನೂ ಗೊತ್ತಿಲ್ಲ. ಬೆಂಗಳೂರಿನ ಹುಡುಗಿ, ವರ್ಕ್ ಫ್ರಂ ಹೋಮ್, ಮೆತ್ತಿನ (ಮಹಡಿ) ಮೇಲೆ ಬಾಡಿಗೆಗೆ. ದಿನಾ ಜಗಲಿಗೆ ಬರೋಕೆ ಗಪ್ಪತಿಗೆ ಕವಳ ಇತ್ತಲ್ಲ, ಇವ್ಳಿಗೆ ನೆಟ್‌ವರ್ಕು, ಇಡೀ ಮನೇಲಿ ಸಿಗ್ನಲ್ ಸಿಗೋದು ಜಗಲಿ ಮೂಲೇಲಿ ಮಾತ್ರ. (ಇದಕ್ಕೆ ಕಲ್ಪನೆ ಏನೂ ಬೇಕಾಗ್ಲಿಲ್ಲ, ನಮ್ಮನೆ ಕಥೆನೇ.)

ಆದ್ರೂ ಮೊದಲ ವಾರ ಒಂದು ಎಡವಟ್ಟು ಮಾಡ್ಕೊಂಡೆ. ಜನ ಬೇಗ ಒಪ್ಲಿ ಅಂತ ಮನೆಯವ್ರೆಲ್ಲ ಅವಳನ್ನ ಹೊಗಳೋ ಹಾಗೆ ಬರ್ದಿದ್ದೆ, ನೋಡೋರಿಗೆ ಮೈಯೆಲ್ಲ ಉರೀತು. ಮುಂದಿನ ವಾರ ಆಯಿಯ ಬಾಯಲ್ಲೇ ಹೇಳಿಸ್ದೆ, "ಗಪ್ಪತಿ ಇದ್ದಾಗ ಜಗಲಿಗೆ ಒಂದು ಲಕ್ಷಣ ಇತ್ತು" ಅಂತ. ಪ್ರೇಕ್ಷಕರ ದೂರನ್ನ ಪಾತ್ರವೇ ಹೇಳಿಬಿಟ್ರೆ ಅವ್ರಿಗೆ ಹೇಳೋಕೆ ಏನೂ ಉಳಿಯಲ್ಲ ನೋಡಿ. ಗಪ್ಪತಿಯನ್ನ ಸಾಯ್ಸೋಕೂ ಹೋಗ್ಲಿಲ್ಲ, ಮೈಸೂರಲ್ಲಿದ್ದಾನೆ, ಆಗಾಗ ಫೋನಲ್ಲಿ ಸುಳ್ಳು ಹೇಳ್ತಾನೆ. ಕಂಬದ ಬುಡದಲ್ಲಿ ಅವಳನ್ನ ಕೂರಿಸ್ಲೂ ಇಲ್ಲ. ಆ ಜಾಗ ಖಾಲಿ, ಕವಳದ ಬಟ್ಲು ಮಾತ್ರ ಇಟ್ಟಲ್ಲೇ ಇತ್ತು.

ಮೂರು ತಿಂಗಳು ಹೀಗೇ ಹೋಯ್ತು. ಒಂದಿನ ಟೇಕ್ ಮಧ್ಯೆ ಅಪ್ಪಯ್ಯ ಹಳೇ ರೂಢಿಲಿ ಬಟ್ಲನ್ನ ಅವಳ ಕಡೆ ದೂಡಿದ್ರು. ಸ್ಕ್ರಿಪ್ಟಲ್ಲಿ ಇರ್ಲಿಲ್ಲ. ಹುಡುಗಿ ಒಂದು ಕ್ಷಣ ತಬ್ಬಿಬ್ಬಾಗಿ, "ಅಂಕಲ್, ಇದನ್ನ ನುಂಗೋದಾ ಉಗಿಯೋದಾ?" ಅಂದ್ಲು. ಅಪ್ಪಯ್ಯ ಮೂರು ನಿಮಿಷ ಬಿಡದೆ ಮಾತಾಡಿದ್ರು, ಎಲೆ ತೊಟ್ಟು ಯಾಕೆ ಮುರೀಬೇಕು ಅನ್ನೋದ್ರಿಂದ ಹಿಡಿದು. ಅವತ್ತಿನ ಸೀನಲ್ಲಿ ನಾನು ಅವ್ರಿಗೆ ಬರ್ದಿದ್ದು ಒಂದೇ ಸಾಲು.